ರಸಮಟ್ಟದ ಗುಳ್ಳೆ

ಬಾಗಿಲು ಮತ್ತೆ ಅರ್ಧಕ್ಕೇ ಸಿಕ್ಕಿಕೊಂಡಿತು. “ಬೀಗ ಹಾಕದೆ ನಾನು ಈ ಮನೆ ಬಿಟ್ಟು ಬರೋದಿಲ್ಲ,” ಎಂದಳು ತಾಯಿ. ಬೆಟ್ಟ ಬೆಂಕಿ ಉಗುಳಬಹುದೆಂದು ಊರನ್ನೆಲ್ಲ ಖಾಲಿ ಮಾಡಿಸಿದ್ದರು; ಕೊನೆಯ ಲಾರಿ ಬೀದಿಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ಬಡಗಿಯಾಗಿದ್ದ ಅವಳ ಮಗ ಬೆಳಗಿನಿಂದ ಎರಡು ಸಲ ಬಾಗಿಲಂಚನ್ನು ಹೆರೆದಿದ್ದ.

“ಊರವರ ಬಾಗಿಲೆಲ್ಲ ನೆಟ್ಟಗೆ, ಹೆತ್ತವಳದ್ದು ಮಾತ್ರ ಸೊಟ್ಟ.”

“ನನ್ನ ಕೆಲಸ ಸರಿಯಾಗೇ ಇದೆ ಅಮ್ಮ, ನೀನೇ ನೋಡು.” ಅವನು ಕುಕ್ಕರುಗಾಲಲ್ಲಿ ಕೂತು ನೆಲ ಸಮವಾಗಿದೆಯೇ ಎಂದು ನೋಡಲು ಹೊಸ್ತಿಲ ಮೇಲೆ ರಸಮಟ್ಟ ಇಟ್ಟ. ಗಾಜಿನ ನಳಿಗೆಯೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ನಿಲ್ಲಬೇಕಿತ್ತು. ಅದು ಬೆಟ್ಟದ ಕಡೆಗೆ ಸರಿದಿತ್ತು. ಅವನ ಮುಖ ಸಣ್ಣದಾಯಿತು. ಇನ್ನೊಂದು ತುದಿಯ ಕೆಳಗೆ ತೆಳುವಾದ ಮರದ ಚಕ್ಕೆ ತೂರಿಸಿ, ಗುಳ್ಳೆಯನ್ನು ನಡುವಿಗೆ ತಂದು, ಕೈ ತೆಗೆದ. ಗುಳ್ಳೆ ಅಲ್ಲಿ ನಿಲ್ಲಲಿಲ್ಲ. ಯಾರೂ ಮುಟ್ಟದೆ, ಗಡಿಯಾರದ ದೊಡ್ಡ ಮುಳ್ಳಿನಷ್ಟು ನಿಧಾನವಾಗಿ, ಮತ್ತೆ ಬೆಟ್ಟದ ಕಡೆಗೆ ಜರುಗತೊಡಗಿತು. ಗುಳ್ಳೆ ಯಾವಾಗಲೂ ಹೋಗುವುದು ಎತ್ತರದ ಕಡೆಗೆ.

“ನೆಲ ಏಳ್ತಾ ಇದೆ,” ಎಂದು ಅವನು ಪಿಸುಗುಟ್ಟಿದ. “ಕೆಳಗೆ ಕರಗಿದ ಕಲ್ಲು ಮೇಲಕ್ಕೆ ಬರ್ತಿದೆ. ಬೆಟ್ಟ, ಮನೆ, ನಮ್ಮಿಬ್ಬರನ್ನೂ ಸೇರಿಸಿ ಎತ್ತುತ್ತಿದೆ.” ಅಡುಗೆಮನೆಯಲ್ಲಿ ಒಂದು ಲೋಟವೂ ಅಲುಗಿರಲಿಲ್ಲ. ತಾಯಿ ಅವನ ಹೆಗಲ ಮೇಲಿಂದ ಬಗ್ಗಿದಳು. ಇಬ್ಬರೂ ನೋಡುತ್ತಿದ್ದಂತೆ ಗುಳ್ಳೆ ಗೆರೆ ದಾಟಿತು.

ಆಮೇಲೆ ಅವಳು ಬೀಗವನ್ನು ಕಿಟಕಿಯಲ್ಲಿಟ್ಟು ಹೊಸ್ತಿಲು ದಾಟಿದಳು. “ಬೆಟ್ಟವೇ ಎದ್ದಿದೆ,” ಎಂದಳು, “ನೀನಿನ್ನೂ ಕೂತಿದ್ದೀಯಲ್ಲೋ.”