ಮಿರ್ಚಿ ಅಂಗಡಿಯ ಹ್ಯಾಶ್‌ಟ್ಯಾಗ್

ಹ್ಯಾಶ್‌ಟ್ಯಾಗ್ ಹಾಕದಿದ್ದರೆ ಯಾವುದೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮನುಷ್ಯರೂ ಅಷ್ಟೇ. ಮನೆಗೆ ದಿನಕ್ಕೆ ಸಿಗುತ್ತಿದ್ದುದು ಎರಡೇ ಟ್ಯಾಗ್. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡ್ ಎದುರು ಮಿರ್ಚಿ ಅಂಗಡಿ ಶುರುಮಾಡಿದ ದಿನ ಕಸ್ತೂರಿ ಒಂದನ್ನು ತನಗಿಟ್ಟುಕೊಂಡಳು. ಮಗಳದನ್ನು ತೆಗೆದು ಅಂಗಡಿಗೆ ಹಾಕಿದಳು: #ಕಸ್ತೂರಿಮಿರ್ಚಿ.

ಆಮೇಲೆ ಕಾಣದ ಮಗಳ ಕೈಯನ್ನು ತಡಕಿ ಹಿಡಿದು, ಅದಕ್ಕೆ ತನ್ನ ಸೆರಗಿನ ತುದಿ ಸುತ್ತಿದಳು. ಟ್ಯಾಗ್ ಸಾಲದ ಮನೆಗಳ ತಾಯಂದಿರೆಲ್ಲ ಹಾಗೇ ಮಾಡುತ್ತಿದ್ದರು.

"ಅವ್ವಾ, ನಾ ಯಾರಿಗೂ ಕಾಣಂಗಿಲ್ಲೇನ?"

"ಇವತ್ತೊಂದಿನ ತಡ್ಕೋ ಸೃಷ್ಟಿ. ಸೆರಗ ಬಿಡಬ್ಯಾಡ."

ಜನ ಮುಗಿಬಿದ್ದರು. "ಅಕ್ಕಾರ, ಲಗೂನ ಕೊಡ್ರಿ!" ಎಣ್ಣೆ ಹೊಗೆಯಾಡತೊಡಗಿತು. ಕಸ್ತೂರಿ ಗಾಬರಿಯಲ್ಲಿ, ದಿನವೂ ಅಡುಗೆಮನೆಯಲ್ಲಿ ಮಾಡುವಂತೆ, ಸೆರಗನ್ನು ಸೆಳೆದು ಮಡಚಿ, ಕಾದ ಬಾಣಲೆಯನ್ನು ಹಿಡಿದು ಕೆಳಗಿಳಿಸಿದಳು.

ಸೆರಗು ಹಗುರವಾಗಿತ್ತು.

"ಸೃಷ್ಟೀ!"

"ಅವ್ವಾ, ಬಲೂನು ನೋಡಬೇ!" ದನಿ ರಸ್ತೆಯ ನಡುವಿನಿಂದ ಬಂತು, ಜೊತೆಗೆ ಗೆಜ್ಜೆಯ ಸದ್ದು. ಅತ್ತಲಿಂದ ಬಸ್ಸೊಂದು ಜೋರಾಗಿ ಬರುತ್ತಿತ್ತು.

ಕಸ್ತೂರಿ, ತಾನಾದರೂ ಕಾಣುತ್ತೇನಲ್ಲ ಎಂದು ಎರಡೂ ಕೈ ಚಾಚಿ ಬಸ್ಸಿಗೆ ಅಡ್ಡ ಓಡಿದಳು.

ಡ್ರೈವರ್ ಅವಳನ್ನು ಕಂಡ. ಹೌಹಾರಿ ಬಸ್ಸನ್ನು ಖಾಲಿ ಕಂಡ ಬದಿಗೆ, ಗೆಜ್ಜೆಯ ಸದ್ದಿನತ್ತ, ತಿರುಗಿಸಿದ.