ಮಾಳಿಗೆಯ ಹೊಣೆ

ರೋಹಿಣಿ ಮಳೆ ಬೀಳುತ್ತಿತ್ತು. ಕೊಂಡ್ಲಹಳ್ಳಿಯ ಉಚ್ಚಂಗೆಮ್ಮನ ಮನೆಗೆ ಚಾವಣಿಯಾಗಿ ಹಾಕಿದ ಹೊಸ ಮಣ್ಣಿನ ಮಾಳಿಗೆಯ ಕೆಳಗೆ, ಅದನ್ನು ಕಟ್ಟಿದ ದೊಡ್ಡಪಾಲಯ್ಯ ಮುಖ ಮೇಲೆತ್ತಿ ಕೂತಿದ್ದ. ಈ ಮೊದಲ ಮಳೆಗೆ ಸೋರದಿದ್ದರೆ ಉಳಿದ ಕೂಲಿಗೆಂದು ಹಾಲು ಕೊಡುವ ಮೇಕೆ ಅವನಿಗೆ ಸಲ್ಲಬೇಕು. ಅದರ ಹಗ್ಗ ಹಿಡಿದನೆಂದರೆ ಮಾಳಿಗೆಯ ಹೊಣೆ ಅವನಿಂದ ಇಳಿಯಿತು. ಅದು ಆ ಸೀಮೆಯ ಕಟ್ಟಳೆ. ಅವನ ಮನೆಯಲ್ಲಿ ಎದೆಹಾಲು ಬತ್ತಿದ ಬಾಣಂತಿ ಮಗಳು ಆ ಮೇಕೆಗೇ ಕಾದಿದ್ದಳು.

ಮಳೆ ನಿಂತಿತು. ಒಂದು ಹನಿಯೂ ಒಳಗೆ ಇಳಿದಿರಲಿಲ್ಲ.

“ಗೆದ್ದೆ ಬಿಡಪ್ಪ! ಹಿಡ್ಕೊ,” ಎಂದು ಉಚ್ಚಂಗೆಮ್ಮ ಹಗ್ಗ ಚಾಚಿದಳು. ಅವನು ಕೈ ನೀಡಿದ. ಆಗ ನಡುತೊಲೆಯಿಂದ ಹಿಟ್ಟಿನಂಥ ಪುಡಿ ಅಂಗೈ ಮೇಲೆ ಉದುರಿತು. ಗೆದ್ದಲು ಹಿಡಿದ ಹಳೇ ತೊಲೆ. ಅದು ಬೇಡವೆಂದು ದೊಡ್ಡಪಾಲಯ್ಯ ಮೊದಲೇ ಹೇಳಿದ್ದ; ತೀರಿಹೋದ ಗಂಡ ಕಡಿಸಿ ತಂದಿದ್ದೆಂದು ಉಚ್ಚಂಗೆಮ್ಮ ಅತ್ತಾಗ ಸುಮ್ಮನೆ ಏರಿಸಿದ್ದ. ನೆನೆದ ಮಣ್ಣಿನ ಭಾರಕ್ಕೆ ಅದೀಗ ಬಾಗಿತ್ತು.

“ಅವ್ವಾ, ಮಾಳಿಗೆ ಬಿಚ್ಬೇಕು.”

“ಯಾಕೋ? ಸೋರ್ಲಿಲ್ಲವಲ್ಲ! ತೊಲೆ ನಂದು, ನಿಂಗೇನು? ಬಿಚ್ಚಿದ್ರೆ ಮೇಕೇನೂ ಇಲ್ಲ, ತಿರ್ಗಾ ಕಟ್ಟೋಕೆ ಕೂಲೀನೂ ಇಲ್ಲ ನೋಡು.”

“ಏರಿಸಿದ್ದು ನಾನಲ್ವಾ? ಅದರಡೀಲಿ ನಿಮ್ಮ ಮೊಮ್ಮಗ ಮಲಗ್ತಾನೆ.”

ಮೇಕೆ ಅರಚಿತು. ದೊಡ್ಡಪಾಲಯ್ಯ ಅದರತ್ತ ನೋಡದೆ, ಹಾರೆ ಹಿಡಿದು ಏಣಿ ಹತ್ತಿದ.