ಇಟಲಿಯ ಹನ್ನೆರಡು ಗಂಟೆ

ಸತ್ತವನು ಮೂರು ತಾಸಾದ ಮೇಲೆ ಕಾಗದ ಬರೆದಿದ್ದ.

ವಿಜಾಪುರದ ತಾರ ಆಫೀಸಿನಲ್ಲಿ ಕಾರಕೂನ ಸೈಫುದ್ದೀನ ಎರಡೂ ಕಾಗದಗಳನ್ನು ಮತ್ತೊಮ್ಮೆ ಓದಿದ. ಒಂದು ಪಲ್ಟನ್ನಿನ ಅಧಿಕಾರಿಯದು: ಸಿಪಾಯಿ ಸಿದ್ದರಾಯ ೧೯೪೪ರ ಜೂನ್ ಹನ್ನೆರಡರಂದು ಇಟಲಿಯಲ್ಲಿ, ಅಲ್ಲಿನ ಸಮಯ ಬೆಳಗಿನ ಒಂಬತ್ತಕ್ಕೆ, ಗುಂಡು ತಗಲಿ ತೀರಿಕೊಂಡ. ಇನ್ನೊಂದು ಸಿದ್ದರಾಯನದೇ. ಅದೇ ತಾರೀಖು. 'ಈಗ ಸರಿಯಾಗಿ ಮಧ್ಯಾಹ್ನ ಹನ್ನೆರಡು ಗಂಟಿ. ನೀ ಹೊಲದಾಗ ಬುತ್ತಿ ಬಿಚ್ಚಿರತಿ.'

ಕಟಕಟೆಯ ಆಚೆ ಸಿದ್ದರಾಯನ ಹೆಂಡತಿ ಮಲಕವ್ವ ನಿಂತಿದ್ದಳು. ತಿಕೋಟಾದಿಂದ ನಡೆದೇ ಬಂದಿದ್ದಳು. ನಾಳೆ ಅವಳ ಬಳೆ ಒಡೆಸಬೇಕೆಂದು ಮಾವ ಗುರಲಿಂಗಪ್ಪ ನಿಶ್ಚಯಿಸಿದ್ದ.

"ಸತ್ತಾವ್ರು ಕಾಗದ ಬರೀತಾರೇನ್ರಿ ಸಾಹೇಬರ?"

ಗೋಡೆಯ ಮೇಲೆ ದೇಶದೇಶಗಳ ಸಮಯ ತೋರಿಸುವ ಚಾರ್ಟು ಇತ್ತು. ಯುದ್ಧಕಾಲದ ಬದಲಾವಣೆಗಳನ್ನು ಸೈಫುದ್ದೀನನೇ ಕೆಂಪು ಶಾಯಿಯಲ್ಲಿ ತಿದ್ದಿದ್ದ. ನಮ್ಮಲ್ಲಿ ಹನ್ನೆರಡಾದರೆ ಇಟಲಿಯಲ್ಲಿ ಬೆಳಗಿನ ಏಳೂವರೆ.

"ಅಲ್ಲಿ ಹನ್ನೆರಡು ಅಂದ್ರ ಇಲ್ಲಿ ಸಂಜಿ ನಾಕೂವರಿ, ತಂಗಿ. ಬುತ್ತಿ ಹೊತ್ತಲ್ಲ. ಲೆಕ್ಕ ತಪ್ಪ್ಯಾನ ನಿನ್ನ ಗಂಡ." ಸೈಫುದ್ದೀನ ಮೊದಲ ಸಲ ನಕ್ಕ. "ತಪ್ಪಲಿ ಬಿಡು. ಒಂಬತ್ತಕ್ಕ ಸತ್ತಾವ ಹನ್ನೆರಡಕ್ಕ ಲೆಕ್ಕ ತಪ್ಪಂಗಿಲ್ಲ."

ಮಲಕವ್ವ ನೆಲದ ಮೇಲೆ ಕೂತಳು. ಹದಿನೈದು ದಿನದಿಂದ ಬಾರದ ಅಳು ಈಗ ಬಂತು.

ಹೆಸರು ಅದಲುಬದಲಾಗಿರಬೇಕು, ಸಿಪಾಯಿ ಬದುಕಿದ್ದಾನೆ, ವಿಚಾರಿಸಿರಿ ಎಂದು ಸೈಫುದ್ದೀನ ಪಲ್ಟನ್ನಿಗೆ ತಾರು ಬರೆದ. ಮಾವನಿಗೂ ಒಂದು ಚೀಟಿ ಬರೆದುಕೊಟ್ಟ: ಬಳೆ ಮುಟ್ಟಬೇಡಿರಿ.

ಮಲಕವ್ವ ಕಣ್ಣೊರೆಸಿಕೊಂಡಳು. ಕಾಗದವನ್ನು ಮತ್ತೆ ಅವನ ಮುಂದಿಟ್ಟಳು.

"ಹಿಂದಿನ ಬದಿ ನನಗ ಒಬ್ಬಾಕಿಗೇ ಅಂತ ಬರದಾರ್ರಿ. ಮಾವನ ಮುಂದ ಓದಸಾಕ ನಾಚಿಕಿ ಆತು. ಯಾರೂ ಓದಿಲ್ಲ. ನೀವು ಅಣ್ಣ ಇದ್ದಂಗ, ಓದ್ರಿ."

ಸೈಫುದ್ದೀನ ಕಾಗದ ತಿರುವಿ ದೊಡ್ಡ ದನಿಯಲ್ಲಿ ಓದತೊಡಗಿದ.

'ಮಲಕವ್ವ, ಇಲ್ಲಿ ಬಂದ ಮ್ಯಾಲ ಎಲ್ಲಾರೂ ತಮ್ಮ ಗಡಿಯಾರದ ಮುಳ್ಳು ತಿರುವಿಕೊಂಡರು. ನಾ ತಿರುವಿಲ್ಲ. ನೀ ಯಾವಾಗ ಏಳತಿ, ಯಾವಾಗ ಉಣ್ಣತಿ ಗೊತ್ತಾಗಲಿ ಅಂತ ನಮ್ಮೂರ ಹೊತ್ತೇ ಇಟಗೊಂಡೀನಿ.'

ಅವನು ತಲೆಯೆತ್ತಿ ಗೋಡೆಯ ಚಾರ್ಟು ನೋಡಿದ. ಸಿದ್ದರಾಯ ಹನ್ನೆರಡು ಎಂದು ಬರೆದಾಗ ಇಟಲಿಯಲ್ಲಿ ಬೆಳಗಿನ ಏಳೂವರೆ. ಒಂಬತ್ತಕ್ಕೆ ಇನ್ನೂ ಒಂದೂವರೆ ತಾಸು ಇತ್ತು.